ಲಾಡಿಯ ಕೆಳಗಿದ್ದ ಕಪ್ಪು ಕಲೆ: ನನ್ನ ಮೆಡಿಸಿನ್ ಪೋಸ್ಟಿಂಗ್‌ನ ಒಂದು ಕೇಸ್

"ಚರ್ಮ: ತೊಂದರೆ ಏನೂ ಇಲ್ಲ."

ನನ್ನ ಕೇಸ್ ಶೀಟಿನಲ್ಲಿ ನಾನೇ ಬರೆದ ಸಾಲು ಇದು. ಬರೆದಾಗ ಆ ಅಮ್ಮನ ಮುಖ, ಕೈ, ಪಾದ ಬಿಟ್ಟರೆ ಬೇರೆ ಎಲ್ಲೂ ಚರ್ಮ ನೋಡಿರಲಿಲ್ಲ. ಈ ಒಂದು ಸಾಲಿನ ಸುತ್ತ ಏನೇನಾಯ್ತು ಅಂತ ಪೂರ್ತಿ ಬರೆದಿಡಬೇಕು ಅನ್ನಿಸಿತು. ಪೋಸ್ಟಿಂಗ್ ಶುರು ಮಾಡುವ ಜೂನಿಯರ್‌ಗಳಿಗೆ ಉಪಯೋಗಕ್ಕೆ ಬರಬಹುದು, ತೋಟದ ಕೆಲಸಕ್ಕೆ ಹೋಗುವವರ ಮನೆಗಳಿಗೆ ಇನ್ನೂ ಜಾಸ್ತಿ. ಆ ಅಮ್ಮನನ್ನು ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಆಚೀಚೆ ಮಾಡಿದ್ದೇನೆ.

ನಾನು ಹಾಸನದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಲ್ಲಿ ಕಳೆಯುತ್ತದೆ. 2019ರಲ್ಲಿ ಹೊಸ ಪಠ್ಯಕ್ರಮ ಬಂದ ಮೇಲೆ ಆಗಲೇ ಸ್ವಲ್ಪ ಸ್ವಲ್ಪ ಆಸ್ಪತ್ರೆ ತೋರಿಸುತ್ತಾರೆ, ನಿಜ. ಆದರೆ ಒಬ್ಬಳೇ ಒಬ್ಬರ ಹಾಸಿಗೆ ಪಕ್ಕ ನಿಂತು ಕೇಸ್ ತೆಗೆಯುವುದು ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ. ಕೆಲವು ವಾರ ಮೆಡಿಸಿನ್, ಕೆಲವು ವಾರ ಸರ್ಜರಿ, ಆಮೇಲೆ ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಮಕ್ಕಳ ವಾರ್ಡ್, ಹೀಗೆ ಸುತ್ತು. ಕೇಸ್ ತೆಗೆಯುವುದು ಅಂದರೆ ರೋಗಿಯ ಕಥೆ ಕೇಳಬೇಕು, ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಬೇಕು, ಬರೆಯಬೇಕು, ಮಾರನೇ ದಿನ ರೌಂಡ್ಸ್‌ನಲ್ಲಿ ಯೂನಿಟ್ ಸರ್ ಮುಂದೆ ನಿಂತು ಹೇಳಬೇಕು. ನಮ್ಮ ಬ್ಯಾಚ್‌ನಲ್ಲಿ ಆ ಹೇಳುವ ಭಾಗಕ್ಕೇ ಎಲ್ಲರಿಗೂ ಹೆದರಿಕೆ. ಹಾಗಾಗಿ ಹೇಳುವುದಕ್ಕೆ ಚೆನ್ನಾಗಿರಲಿ ಅಂತ ಬರೆಯುತ್ತೇವೆ. ತಪ್ಪು ಶುರುವಾಗಿದ್ದು ಅಲ್ಲೇ ಅಂತ ಈಗ ಅನ್ನಿಸುತ್ತದೆ.

ಡಿಸೆಂಬರ್ ಮೊದಲ ವಾರ. ನಮ್ಮ ಯೂನಿಟ್‌ನ ಅಡ್ಮಿಶನ್ ದಿನ. ಸಂಜೆ ನಾಲ್ಕು ಗಂಟೆಗೆ ಹೆಂಗಸರ ವಾರ್ಡಿಗೆ ಹೋದಾಗ ಮೂಲೆಯ ಹಾಸಿಗೆಯಲ್ಲಿ ಐವತ್ತು ದಾಟಿದ ಒಬ್ಬ ಅಮ್ಮ ಕಂಬಳಿ ಹೊದ್ದು ಮಲಗಿದ್ದರು. ಸಕಲೇಶಪುರದಿಂದ ಇನ್ನೂ ಒಳಗೆ ಅವರ ಊರು. ಮಗ ಪಕ್ಕದಲ್ಲಿ ಕೂತಿದ್ದ.

"ಏನಾಗ್ತಿದೆ ಅಮ್ಮಾ?"

"ಜ್ವರ ಕಣವ್ವ. ಒಂಬತ್ ದಿನ ಆಯ್ತು. ತಲೆ ಒಡೆದೋಗಂಗೆ ನೋಯ್ತದೆ."

ಮೈಕೈ ನೋವು, ಊಟ ಸೇರಲ್ಲ, ಎರಡು ಸಲ ವಾಂತಿ. ಮೂರು ದಿನದಿಂದ ಒಣ ಕೆಮ್ಮು ಬೇರೆ. ಊರ ಹತ್ತಿರ ತೋರಿಸಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಒಂದು ಇಂಜೆಕ್ಷನ್ ಆಗಿದೆ. ಜ್ವರ ಇಳಿಯುತ್ತದೆ, ಸಂಜೆಗೆ ಮತ್ತೆ ಏರುತ್ತದೆ. ಶುಗರ್ ಇಲ್ಲ, ಬಿಪಿ ಇಲ್ಲ. ಏನು ಕೆಲಸ ಅಂತ ಕೇಳಿದೆ. "ಕೂಲಿ" ಅಂದರು. ಹಾಗೇ ಬರೆದುಕೊಂಡೆ.

ಟೆಂಪರೇಚರ್ 102.4 ಡಿಗ್ರಿ ಫ್ಯಾರನ್‌ಹೀಟ್. ನಾಡಿ 112. ಬಿಪಿ 100/60. ಉಸಿರು ನಿಮಿಷಕ್ಕೆ 26. ಆಕ್ಸಿಜನ್ 93. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎರಡೂ ಕಡೆ ಬುಡದಲ್ಲಿ ಸಣ್ಣಗೆ ಚರಚರ ಸದ್ದು. ಹೊಟ್ಟೆ ಒತ್ತಿ ನೋಡಿದೆ, ಉಸಿರು ಎಳೆದುಕೊಂಡಾಗ ಊದಿದ ಗುಲ್ಮದ (ಸ್ಪ್ಲೀನ್) ಅಂಚು ಬೆರಳಿಗೆ ತಾಗಿದ ಹಾಗಾಯ್ತು. ನನಗೆ ಮೊದಲ ಸಲ ಸಿಕ್ಕಿದ ಗುಲ್ಮ. ಆ ಖುಷಿಯಲ್ಲಿ ಉಳಿದದ್ದನ್ನೆಲ್ಲ ಬೇಗ ಬೇಗ ಮುಗಿಸಿದೆ.

"ಮೈ ಮೇಲೆ ಗಾಯ, ಗುಳ್ಳೆ ಏನಾದ್ರೂ ಇದೆಯಾ ಅಮ್ಮಾ?"

"ಇಲ್ಲ ಕಣವ್ವ."

ಅಷ್ಟೇ. ಬಟ್ಟೆ ಸಡಿಲ ಮಾಡಿಸಿ ನೋಡಬೇಕು ಅಂತ ಗೊತ್ತಿತ್ತು. ಮರೆ ಕಟ್ಟುವ ಸ್ಕ್ರೀನ್ ವಾರ್ಡಿನ ಆ ತುದಿಯಲ್ಲಿ ಇತ್ತು. ಮಗ ಪಕ್ಕದಲ್ಲೇ ಇದ್ದ, ಹೊರಗೆ ಹೋಗಿ ಅಂತ ಹೇಳುವುದಕ್ಕೆ ಸಂಕೋಚ. ಅವರಿಗೆ ಚಳಿ ಬೇರೆ ನಡುಗಿಸುತ್ತಿತ್ತು, ಕಂಬಳಿ ತೆಗೆಸಲು ಮನಸ್ಸು ಬರಲಿಲ್ಲ. ಇಷ್ಟೂ ಕಾರಣ ಇದ್ದವು, ಎಲ್ಲವೂ ನಿಜ. ಆದರೆ ಶೀಟಿನಲ್ಲಿ ಈ ಕಾರಣಗಳನ್ನು ನಾನು ಬರೆಯಲಿಲ್ಲ. "ತೊಂದರೆ ಏನೂ ಇಲ್ಲ" ಅಂತ ಬರೆದೆ.

ರಾತ್ರಿ ರಕ್ತದ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 84,000. ಬಿಳಿ ರಕ್ತಕಣ 11,200. ಲಿವರ್ ಎನ್‌ಜೈಮ್‌ಗಳು ಮಾಮೂಲಿಗಿಂತ ಮೂರು ಪಟ್ಟು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿ ಇದೆ. ಮಲೇರಿಯಾ ಸ್ಮಿಯರ್ ನೆಗೆಟಿವ್, ಡೆಂಗ್ಯೂ ಎನ್‌ಎಸ್‌1 ನೆಗೆಟಿವ್. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ಕೆಳಭಾಗ ಸ್ವಲ್ಪ ಮಬ್ಬು. ಡ್ಯೂಟಿಯಲ್ಲಿದ್ದವರು ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಿ ಡ್ರಿಪ್ ಹಾಕಿದ್ದರು. ನಾನು ಹಾಸ್ಟೆಲ್‌ಗೆ ಹೋಗಿ "ಡೆಂಗ್ಯೂ ಇರಬಹುದು" ಅಂತ ಪ್ರೆಸೆಂಟೇಶನ್ ತಯಾರು ಮಾಡಿಕೊಂಡೆ. ಪ್ಲೇಟ್‌ಲೆಟ್ ಕಡಿಮೆ ಅಂದರೆ ಡೆಂಗ್ಯೂ ಅಂತಲೇ ನಮ್ಮ ತಲೆಗೆ ಬರುವುದು ಅಲ್ವಾ. ಎನ್‌ಎಸ್‌1 ಜ್ವರದ ಮೊದಲ ಐದಾರು ದಿನದಲ್ಲಿ ಮಾತ್ರ ಚೆನ್ನಾಗಿ ಸಿಗುತ್ತದೆ, ಒಂಬತ್ತನೇ ದಿನ ನೆಗೆಟಿವ್ ಬಂದರೆ ಡೆಂಗ್ಯೂ ಇಲ್ಲ ಅಂತ ಹೇಳಲು ಆಗಲ್ಲ ಅಂತ ಓದಿಟ್ಟುಕೊಂಡೆ. ಅದು ಸರಿಯೇ. ಆದರೆ ಡೆಂಗ್ಯೂನಲ್ಲಿ ಬಿಳಿ ಕಣ ಸಾಮಾನ್ಯವಾಗಿ ಇಳಿಯುತ್ತದೆ, ಇವರಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ನೋಡಿಯೂ ಪಕ್ಕಕ್ಕೆ ಇಟ್ಟೆ.

ಬೆಳಿಗ್ಗೆ ಒಂಬತ್ತೂವರೆಗೆ ರೌಂಡ್ಸ್. ನಾನು ಹೇಳುತ್ತಾ ಹೋದೆ, ಸರ್ ಸುಮ್ನೆ ಕೇಳುತ್ತಾ ನಿಂತಿದ್ದರು. "ಚರ್ಮದಲ್ಲಿ ಏನೂ ಇಲ್ಲ ಸರ್" ಅಂದ ತಕ್ಷಣ ಕೈ ಎತ್ತಿ ನಿಲ್ಲಿಸಿದರು.

"ಎಲ್ಲೆಲ್ಲಿ ನೋಡಿದೆ?"

ಕೈ, ಕಾಲು ಅಂದೆ.

"ಕಂಕುಳು?"

ನನ್ನಿಂದ ಮಾತು ಬರಲಿಲ್ಲ. ಸರ್ ಬೈಯಲಿಲ್ಲ. ಅಮ್ಮನ ಕಡೆ ತಿರುಗಿ, "ಏನ್ ಕೂಲಿ ಅಮ್ಮಾ? ಕಾಯಿಲೆ ಬೀಳೋ ಮುಂಚೆ ಹದಿನೈದು ದಿನ ಏನೇನ್ ಮಾಡ್ತಿದ್ರಿ?" ಅಂತ ಕೇಳಿದರು.

"ತೋಟದಾಗೆ ಕಳೆ ಹೊಡೀತಿದ್ವಿ ಸ್ವಾಮಿ. ಆಮೇಕೆ ಹಣ್ಣು ಕುಯ್ಲು ಸುರುವಾಯ್ತು. ಸೊಂಟಕ್ಕೆ ಚೀಲ ಕಟ್ಕಂಡು ಹಣ್ಣು ಬಿಡ್ಸೋದು. ಮಧ್ಯಾನ ಅಲ್ಲೇ ಹುಲ್ ಮೇಲೆ ಕುಂತು ಉಣ್ಣೋದು. ಸಂಜೆ ಬತ್ತಾ ಹಸೀಗೆ ಒಂದ್ ಹೊರೆ ಹುಲ್ಲು."

ಇಷ್ಟೂ ಒಂದೇ ಉಸಿರಿಗೆ ಹೇಳಿದರು. ನಾನು "ಕೂಲಿ" ಅಂತ ಎರಡಕ್ಷರ ಬರೆದಿದ್ದ ಜಾಗದಲ್ಲಿ ಇಷ್ಟೆಲ್ಲ ಇತ್ತು. ನಾನೂ ಹಾಸನ ಜಿಲ್ಲೆಯವಳೇ, ಕಾಫಿ ಕುಯ್ಲು ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಅರೇಬಿಕಾ ಹಣ್ಣಾಗುವುದು ನವೆಂಬರ್ ಕೊನೆಯಿಂದ, ಅದಕ್ಕೆ ಮುಂಚೆ ಮಳೆಗಾಲದಲ್ಲಿ ಬೆಳೆದ ಕಳೆ ಹೊಡೆದು ಗಿಡದ ಬುಡ ಚೊಕ್ಕ ಮಾಡುತ್ತಾರೆ. ಎಲ್ಲ ಗೊತ್ತಿತ್ತು. ಕೇಳಬೇಕು ಅಂತ ಹೊಳೆಯಲಿಲ್ಲ.

ಸರ್ ಪಿಜಿ ಮೇಡಂಗೆ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರ್) ಹೇಳಿದರು, "ಇವಳನ್ನ ಕರ್ಕೊಂಡು ಪೂರ್ತಿ ನೋಡಿ. ನಾವು ಮುಂದಿನ ಬೆಡ್ ನೋಡ್ತಿರ್ತೀವಿ."

ಮೇಡಂ ಮಾಡಿದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಾನು ಕಲಿತದ್ದು ಇಲ್ಲೇ. ಮೊದಲು ಮಗನಿಗೆ "ಒಂದು ಫ್ಲಾಸ್ಕ್ ಬಿಸಿನೀರು ತಗೊಂಬಾಪ್ಪ" ಅಂತ ಹೇಳಿ ಕಳಿಸಿದರು. ಸ್ಕ್ರೀನ್ ಎಳೆದು ತಂದರು, ಒಂದು ಗಾಲಿ ತಿರುಗುತ್ತಿರಲಿಲ್ಲ, ನಾನೊಂದು ಕಡೆ ಎತ್ತಿದೆ. ಕಿಟಕಿ ಮುಚ್ಚಿದರು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಆಮೇಲೆ ಹಾಸಿಗೆ ಅಂಚಿನಲ್ಲಿ ಬಗ್ಗಿ, "ಅಮ್ಮಾ, ಒಂದು ಸಣ್ಣ ಹುಳ ಕಚ್ಚಿದ್ರೆ ಈ ಥರ ಜ್ವರ ಬರತ್ತೆ. ಕಚ್ಚಿದ ಜಾಗ ನೋಯಲ್ಲ, ಕೆರೆಯಲ್ಲ. ಮುಚ್ಚಿರೋ ಕಡೆನೇ ಇರತ್ತೆ. ಅದಕ್ಕೆ ನೋಡ್ಬೇಕು, ನೋಡ್ಲಾ?" ಅಂದರು. ಅಮ್ಮ ತಾವೇ ಸೆರಗು ಸರಿಸಿದರು. ಒಂದು ಕಡೆ ನೋಡುವಾಗ ಉಳಿದ ಮೈಗೆ ಕಂಬಳಿ ಹಾಗೇ ಇತ್ತು.

ಕಿವಿ ಹಿಂದೆ, ಕತ್ತಿನ ಕೂದಲ ಅಂಚು, ಎರಡೂ ಕಂಕುಳು, ಎದೆಯ ಕೆಳಗಿನ ಮಡಿಕೆ, ಬೆನ್ನು. ಏನೂ ಇಲ್ಲ. ಟಾರ್ಚ್ ನನ್ನ ಕೈಯಲ್ಲಿತ್ತು. ಆಮೇಲೆ ಲಂಗದ ಲಾಡಿ ಸಡಿಲ ಮಾಡಿಸಿದರು. ಸೊಂಟದ ಸುತ್ತ ಕಪ್ಪು ಗೆರೆ. ವರ್ಷಗಟ್ಟಲೆ ಲಾಡಿ ಬಿಗಿದು ಕಟ್ಟುವ ಹೆಂಗಸರಿಗೆ ಇರುತ್ತದಲ್ಲ, ಚರ್ಮ ದಪ್ಪವಾಗಿ, ಕಪ್ಪಾಗಿ, ಅದೇ. ನಾನು ಟಾರ್ಚ್ ಮುಂದಕ್ಕೆ ಒಯ್ದೆ.

"ವಾಪಸ್ ತಗೊಂಬಾ" ಅಂದರು ಮೇಡಂ.

ಎಡಗಡೆ, ಗೆರೆಯ ಒಳಗೇ, ಒಂದು ಕಡಲೆಕಾಳಿನಷ್ಟು ಅಗಲದ ಚಕ್ಕೆ. ಗೆರೆಗಿಂತ ಗಾಢ ಕಪ್ಪು, ಒಣಗಿದ್ದು. ಸುತ್ತ ತೆಳ್ಳಗೆ ಕೆಂಪು ಅಂಚು. ಬೀಡಿ ತುದಿ ತಾಗಿ ಸುಟ್ಟು ಗಾಯ ಒಣಗಿದ ಹಾಗೆ. ಮೇಡಂ ಬೆರಳಿಂದ ಮೆಲ್ಲಗೆ ಒತ್ತಿದರು. "ನೋಯತ್ತಾ?" ಇಲ್ಲ. ಅದೇ ಕಡೆಯ ತೊಡೆಸಂದಿಯಲ್ಲಿ ಎರಡು ಗಡ್ಡೆ ಊದಿದ್ದವು, ಅವು ಮುಟ್ಟಿದರೆ ನೋಯುತ್ತಿದ್ದವು.

ಅದು ಎಸ್ಕಾರ್, ಹುಳ ಕಚ್ಚಿದ ಜಾಗದಲ್ಲಿ ಕಟ್ಟುವ ಕಪ್ಪು ಚಕ್ಕೆ. ಜ್ವರ ಸ್ಕ್ರಬ್ ಟೈಫಸ್.

ಕಣ್ಣೆದುರೇ ಇದ್ದರೂ ನಾನು ಅದನ್ನು ಲಾಡಿಯ ಗುರುತು ಅಂತ ದಾಟಿ ಹೋಗಿದ್ದೆ. ಹಿಂದಿನ ದಿನ ನೋಡದೇ ಇದ್ದದ್ದು ಒಂದು ತಪ್ಪು. ನೋಡಿದ್ದರೂ ನನಗೆ ಸಿಗುತ್ತಿರಲಿಲ್ಲವೇನೋ, ಅದು ಬೇರೆಯೇ ವಿಷಯ. ಪುಸ್ತಕದಲ್ಲಿ ಎಸ್ಕಾರ್‌ನ ಚಿತ್ರ ಬಿಳಿ ಚರ್ಮದ ಮೇಲೆ ಎದ್ದು ಕಾಣುತ್ತದೆ. ನಮ್ಮ ತೋಟದ ಹೆಂಗಸರ ಸೊಂಟದ ಮೇಲೆ, ಲಾಡಿ ಗೆರೆಯ ಒಳಗೆ, ಅದು ಎದ್ದು ಕಾಣಲ್ಲ. ಬೆಳಕು ಹಿಡಿದು ಇಂಚಿಂಚು ಹುಡುಕಬೇಕು. ಮಡಿಕೆ ಇರುವ ಒದ್ದೆ ಜಾಗಗಳಲ್ಲಿ ಚಕ್ಕೆಯೂ ಸರಿಯಾಗಿ ಕಟ್ಟಲ್ಲ, ಸುಮ್ನೆ ಸಣ್ಣ ಹುಣ್ಣಿನ ಥರ ಇರುತ್ತದೆ ಅಂತ ಮೇಡಂ ಹೇಳಿದರು.

ಕಾಯಿಲೆ ಹೇಗೆ ಬರುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನಕಾಯಿಗೆ ಬರುವ ನುಸಿ ಗೊತ್ತು. ಅದೇ ದೊಡ್ಡ ಬಳಗದ ಇನ್ನೊಂದು ನುಸಿ ಪೊದೆ, ಕಳೆ, ಎತ್ತರದ ಹುಲ್ಲು ಇರುವ ಕಡೆ ಮಣ್ಣಿನಲ್ಲಿ ಬದುಕುತ್ತದೆ. ದೊಡ್ಡ ನುಸಿ ಮನುಷ್ಯರ ತಂಟೆಗೆ ಬರಲ್ಲ. ಅದರ ಮರಿ ಮಾತ್ರ ಕಚ್ಚುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಚಿಕ್ಕದು. ಇಲಿಗಳ ಮೇಲೆ ಬೆಳೆಯುತ್ತದೆ, ನಾವು ಹುಲ್ಲಿನಲ್ಲಿ ಕೂತರೆ ಬಟ್ಟೆಗೆ ಹತ್ತಿ ಬಿಗಿಯಾಗಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಲಾಡಿ, ಸೊಂಟದ ಚೀಲ, ಒಳಉಡುಪಿನ ಅಂಚು. ಕಚ್ಚುವಾಗ ಓರಿಯೆಂಟಿಯಾ ಸುಟ್ಸುಗಾಮುಶಿ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ತಾಯಿ ನುಸಿಯಿಂದ ಮೊಟ್ಟೆಗೂ ಈ ಬ್ಯಾಕ್ಟೀರಿಯಾ ದಾಟುತ್ತದೆ, ಹಾಗಾಗಿ ಒಂದು ಜಾಗದಲ್ಲಿ ಒಮ್ಮೆ ಬಂದರೆ ಅಲ್ಲೇ ಉಳಿದುಬಿಡುತ್ತದೆ. ಕಚ್ಚಿ ಸುಮಾರು ಹತ್ತು ದಿನಕ್ಕೆ ಜ್ವರ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಕಾಡಿನಲ್ಲಿದ್ದ ಸೈನಿಕರನ್ನು ಬಹಳ ಕಾಡಿದ ಜ್ವರ ಇದೇ.

ಸೆಫ್ಟ್ರಿಯಾಕ್ಸೋನ್ ಇದಕ್ಕೆ ಕೆಲಸ ಮಾಡಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂರುತ್ತದೆ, ಪೆನಿಸಿಲಿನ್ ಬಳಗದ ಔಷಧಿಗಳು ಅದನ್ನು ಮುಟ್ಟಲ್ಲ. ಬೇಕಾದ್ದು ಡಾಕ್ಸಿಸೈಕ್ಲಿನ್, ಇಲ್ಲದಿದ್ದರೆ ಅಜಿಥ್ರೊಮೈಸಿನ್. ಎರಡೂ ಹಳೆಯವು, ಬೆಲೆಯೂ ಕಡಿಮೆ. ಇಷ್ಟು ಸುಲಭದ ಮದ್ದಿರುವ ಕಾಯಿಲೆ ತಡವಾದರೆ ಶ್ವಾಸಕೋಶ, ಕಿಡ್ನಿ, ಮೆದುಳು ಹಿಡಿದು ಜೀವ ತೆಗೆಯುತ್ತದೆ. ಇದು ನನಗೆ ಇವತ್ತಿಗೂ ಸಂಕಟ ತರುವ ಮಾತು.

ಸರ್ ವಾಪಸ್ ಬಂದು ನೋಡಿ, ಕೂಡಲೇ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ ಬರೆದರು. ರಕ್ತವನ್ನು ಸ್ಕ್ರಬ್ ಟೈಫಸ್ ಐಜಿಎಂ ಎಲೈಸಾಗೆ, ಇಲಿಜ್ವರದ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಕಾಯುವುದು ಬೇಡ, ಅನುಮಾನ ಬಂದ ಗಳಿಗೆಯಲ್ಲೇ ಮದ್ದು ಕೊಡಬೇಕು ಅಂದರು. ಆಕ್ಸಿಜನ್ 93 ಇದ್ದದ್ದರಿಂದ ಅಲ್ಲೇ ಇನ್ನೊಂದು ವಿಷಯವನ್ನೂ ಚರ್ಚಿಸಿದರು. 2023ರಲ್ಲಿ ಪ್ರಕಟವಾದ ಭಾರತದ ಒಂದು ದೊಡ್ಡ ಅಧ್ಯಯನದಲ್ಲಿ, ತೀವ್ರ ಸ್ಕ್ರಬ್ ಟೈಫಸ್ ಇದ್ದವರಿಗೆ ಡಾಕ್ಸಿಸೈಕ್ಲಿನ್, ಅಜಿಥ್ರೊಮೈಸಿನ್ ಎರಡನ್ನೂ ಒಟ್ಟಿಗೆ ಡ್ರಿಪ್‌ನಲ್ಲಿ ಕೊಟ್ಟಾಗ ಒಂದನ್ನೇ ಕೊಟ್ಟಿದ್ದಕ್ಕಿಂತ ಒಳ್ಳೆಯ ಫಲ ಸಿಕ್ಕಿತ್ತು. ಈ ಅಮ್ಮ ಇನ್ನೂ ಆ ಹಂತಕ್ಕೆ ಹೋಗಿಲ್ಲ, ಆದರೆ ಉಸಿರು ಜಾಸ್ತಿಯಾದರೆ ತಡಮಾಡದೆ ಎರಡೂ ಶುರು ಮಾಡಬೇಕು ಅಂತ ಶೀಟಿನಲ್ಲಿ ಬರೆಸಿದರು.

ಮಂಗನ ಕಾಯಿಲೆಯ ಮಾತೂ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಗುರುತಿಸಿದ ಆ ಜ್ವರ ಪಕ್ಕದ ಚಿಕ್ಕಮಗಳೂರಿನ ಕೊಪ್ಪ, ನರಸಿಂಹರಾಜಪುರದ ಕಡೆಯೂ ಇದೆ. ಇದೇ ಚಳಿಗಾಲದಿಂದ ಶುರುವಾಗುತ್ತದೆ. ಅದು ಉಣುಗು ಕಚ್ಚಿ ಬರುವ ವೈರಸ್, ಎಸ್ಕಾರ್ ಇರಲ್ಲ, ಡಾಕ್ಸಿಸೈಕ್ಲಿನ್‌ಗೆ ಬಗ್ಗಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದು ಏನಾದರೂ ಕಂಡಿತ್ತಾ ಅಂತ ಮೇಡಂ ಅಮ್ಮನನ್ನು ಕೇಳಿದರು. ಇಲ್ಲ ಅಂದರು. ಇದನ್ನೂ ನಾನು ಕೇಳಿರಲಿಲ್ಲ.

ಮಧ್ಯಾಹ್ನ ಮೊದಲ ಗುಳಿಗೆ ಕೊಡಲು ಬಂದ ಸಿಸ್ಟರ್ ಅಮ್ಮನನ್ನು ಎಬ್ಬಿಸಿ ಕೂರಿಸಿದರು. ಊಟ ಆದ ಮೇಲೆ, ದೊಡ್ಡ ಲೋಟ ತುಂಬ ನೀರಿನ ಜೊತೆ. "ನುಂಗಿದ್ ತಕ್ಷಣ ಮಲಗ್ಬೇಡಿ, ಅರ್ಧ ಗಂಟೆ ಕೂತಿರಿ, ಇಲ್ಲ ಅಂದ್ರೆ ಗಂಟ್ಲಲ್ಲೇ ನಿಂತು ಸುಡತ್ತೆ. ಹಾಲಿನ ಜೊತೆ ತಗೋಬೇಡಿ." ಮದ್ದು ಹೇಗೆ ಕೆಲಸ ಮಾಡುತ್ತದೆ ಅಂತ ಫಾರ್ಮಕಾಲಜಿಯಲ್ಲಿ ನಾನು ಪುಟಗಟ್ಟಲೆ ಓದಿದ್ದೆ. ಅದನ್ನು ಸುಸ್ತಾದ ಒಬ್ಬ ಹೆಂಗಸಿಗೆ ಹೇಗೆ ನುಂಗಿಸುವುದು ಅಂತ ಸಿಸ್ಟರ್ ಹತ್ತಿರ ಕಲಿತೆ.

ಸಂಜೆ ಒಬ್ಬಳೇ ಹೋಗಿ ಅಮ್ಮನ ಪಕ್ಕ ಕೂತೆ. ನಿನ್ನೆ ಸರಿಯಾಗಿ ನೋಡಬೇಕಿತ್ತು, ನೋಡದೆ ಹೋದೆ, ತಪ್ಪಾಯ್ತು ಅಂದೆ. ಹೇಳುವಾಗ ಗಂಟಲು ಕಟ್ಟಿತ್ತು.

"ಅಯ್ಯೋ ಬುಡು ಮಗ. ನನ್ ಮೈ, ನಾನೇ ನೋಡ್ಕಂಡಿಲ್ಲ" ಅಂದು ನನ್ನ ಕೈ ಹಿಡಿದುಕೊಂಡರು. ಕೈ ಇನ್ನೂ ಸುಡುತ್ತಿತ್ತು.

ಮಾರನೇ ದಿನ ರಾತ್ರಿ ಹೊತ್ತಿಗೆ ಜ್ವರ ಬಿಟ್ಟಿತು. ಗುಳಿಗೆ ಶುರುವಾಗಿ ಒಂದೂವರೆ ದಿನ ಅಷ್ಟೇ. ಈ ಮದ್ದಿಗೆ ಇಷ್ಟು ಬೇಗ ಇಳಿಯುವುದೇ ಕಾಯಿಲೆಯ ಒಂದು ಗುರುತು ಅಂತಾರೆ, ಎರಡು ದಿನವಾದರೂ ಇಳಿಯದಿದ್ದರೆ ಬೇರೆ ಏನೋ ಇದೆ ಅಂತ ಮತ್ತೆ ಯೋಚಿಸಬೇಕು. ಪ್ಲೇಟ್‌ಲೆಟ್ 96,000, ಆಮೇಲೆ 1,60,000. ಆಕ್ಸಿಜನ್ 97. ಮೂರನೇ ದಿನ ಮುದ್ದೆ ಕೇಳಿದರು. ಐದನೇ ದಿನ ಡಿಸ್ಚಾರ್ಜ್. ಉಳಿದ ಗುಳಿಗೆ ಮನೆಯಲ್ಲಿ ಮುಗಿಸಿ ಒಟ್ಟು ಏಳು ದಿನ ಮಾಡಬೇಕು ಅಂತ ಮಗನಿಗೆ ಎರಡು ಸಲ ಹೇಳಿ ಕಳಿಸಿದೆವು. ಎಲೈಸಾ ರಿಪೋರ್ಟ್ ಬಂದಿದ್ದು ಅವರು ಹೋದ ಮೇಲೆ. ಪಾಸಿಟಿವ್.

ನನ್ನ ತಪ್ಪಿನಿಂದ ಎಷ್ಟು ತಡವಾಯ್ತು ಅಂತ ಲೆಕ್ಕ ಹಾಕಿದ್ದೇನೆ. ನಾಲ್ಕು ಗಂಟೆಗೆ ನೋಡಿದ್ದರೆ ಅವತ್ತೇ ಸಂಜೆ ಗುಳಿಗೆ ಹೋಗುತ್ತಿತ್ತು. ಹದಿನೆಂಟು ಗಂಟೆ ಹತ್ತಿರ. ಎಸ್ಕಾರ್ ಸಿಗದಿದ್ದರೂ ಇಂಥ ಜ್ವರಕ್ಕೆ ರೌಂಡ್ಸ್‌ನಲ್ಲಿ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಿದ್ದೆ ಅಂತ ಸರ್ ಆಮೇಲೆ ಹೇಳಿದರು. ಎಸ್ಕಾರ್ ಎಲ್ಲರಿಗೂ ಇರಲ್ಲ, ಇಲ್ಲ ಅಂದ ಮಾತ್ರಕ್ಕೆ ಸ್ಕ್ರಬ್ ಟೈಫಸ್ ಅಲ್ಲ ಅಂತ ಬಿಡಬಾರದು. ವಿದ್ಯಾರ್ಥಿಯ ಶೀಟ್ ಒಂದರ ಮೇಲೆ ಚಿಕಿತ್ಸೆ ನಿಲ್ಲಲ್ಲ ಅಂತ ನನಗೂ ಗೊತ್ತು. ಆದರೂ ನಾನು ಆ ಸಾಲನ್ನು ಖಾಲಿ ಬಿಟ್ಟಿದ್ದರೆ, ಓದಿದ ಯಾರಿಗಾದರೂ "ಇಲ್ಲಿ ನೋಡಿಲ್ಲ" ಅಂತ ಗೊತ್ತಾಗುತ್ತಿತ್ತು. "ಏನೂ ಇಲ್ಲ" ಅಂತ ಬರೆದು ಆ ಬಾಗಿಲು ಮುಚ್ಚಿದ್ದೆ. ಗೊತ್ತಿಲ್ಲದಿರುವುದಕ್ಕಿಂತ ಇದು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ.

ಹದಿನೈದು ದಿನಕ್ಕೆ ಅಮ್ಮ ತೋರಿಸಲು ಬಂದರು. ಚಕ್ಕೆ ಉದುರಿ ಅಲ್ಲಿ ತೆಳು ಬಣ್ಣದ ಗುರುತು ಉಳಿದಿತ್ತು. ಈಗ ತೋಟದಿಂದ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬದಲಿಸುವುದು. ಒಗೆದ ಬಟ್ಟೆ ಬೇಲಿ ಮೇಲೆ, ಹುಲ್ಲಿನ ಮೇಲೆ ಹಾಕಲ್ಲವಂತೆ, ಮಗ ಹಗ್ಗ ಕಟ್ಟಿಕೊಟ್ಟಿದ್ದಾನೆ. ಊಟಕ್ಕೆ ಕೂರುವಾಗ ಗೋಣಿಚೀಲ ಹಾಸಿಕೊಳ್ಳುತ್ತಾರೆ. ಜೊತೆ ಕೆಲಸ ಮಾಡುವ ಹೆಂಗಸರಿಗೂ ಸೊಂಟ, ಕಂಕುಳು ನೋಡಿಕೊಳ್ಳಿ ಅಂತ ಹೇಳಿದ್ದಾರಂತೆ. "ನಗ್ತವೆ ಕಣವ್ವ. ನಗ್ಲಿ, ನೋಡ್ಕಂಡ್ರೆ ಸಾಕು" ಅಂದರು.

ಈಗ ನನಗೆ ಸರ್ಜರಿ ಪೋಸ್ಟಿಂಗ್. ಇವತ್ತು ಒಬ್ಬ ಅಜ್ಜನ ಕೇಸ್ ತೆಗೆದೆ, ಸೊಂಟದ ಮೂಳೆ ನೋವಿಗೆ ಮಗ್ಗುಲಾಗಲು ಆಗುತ್ತಿರಲಿಲ್ಲ. "ಬೆನ್ನು: ನೋಡಿಲ್ಲ, ನೋವಿನಿಂದ ಮಗ್ಗುಲಾಗಲು ಆಗಲಿಲ್ಲ" ಅಂತ ಬರೆದೆ. ಸರ್ಜರಿ ಯೂನಿಟ್‌ನ ಮೇಡಂ ಓದಿ ಅದರ ಪಕ್ಕ ಒಂದು ಗುರುತು ಹಾಕಿದರು. "ಬೆಳಿಗ್ಗೆ ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ನೋಡು, ನಾಲ್ಕು ಜನ ಸೇರಿ ಹೊರಳಿಸಿ" ಅಂದರು. ಏಳೂವರೆಗೆ ಹೋಗಬೇಕು.